ನೂಲೂ ಸೇರಿ

ಪೋಸ್ಟ್‌ಮ್ಯಾನ್ ಹುಚ್ಚರಾಯಪ್ಪ ಕೇಳಿದ: ಒಳಗೇನು ಸಾರ್?
ಹಳೇ ಕಾಗದ, ಅಂದೆ.
ಮಿಲ್ಲಿನ ಚಿಮಣಿಯ ಕಡೆ ನೋಡಿ ನಕ್ಕ:
ಭದ್ರಾವತಿಯವರೂ ಕಾಗದ ತರಿಸೋ ಕಾಲ ಬಂತು!

ಹನ್ನೊಂದು ಸಾವಿರ ರೂಪಾಯಿ ಕೊಟ್ಟು
ಆರು ಡಾಲರ್ ಕೊಂಡಿದ್ದೇನೆ.
ಅದೂ ಯಾವ ಬ್ಯಾಂಕೂ ಮುಟ್ಟದ ಆರು ಡಾಲರ್.
ಮನೆಯಲ್ಲಿ ಹೇಗೆ ಹೇಳುವುದೆಂದು
ಬೈಪಾಸಿನವರೆಗೆ ನಡೆದು ವಾಪಸಾದೆ.
ಎಷ್ಟಾಯಿತು? ಎಂದಳು ಹೆಂಡತಿ.
ಆರು ಡಾಲರ್, ಎಂದೆ.
ಸುಳ್ಳೇನಲ್ಲ.

ಇಸವಿ ಸಾವಿರದ ಏಳುನೂರ ಎಪ್ಪತ್ತಾರು, ಫಿಲಡೆಲ್ಫಿಯಾ.
ಅಂಗೈಯೊಳಗೆ ಕೂರುವಷ್ಟು ಚಿಕ್ಕದು.
ಇನ್ನೂ ತೊಟ್ಟಿಲಲ್ಲಿದ್ದ ಒಂದು ದೇಶ
ಮದ್ದು, ಗುಂಡು, ಬೂಟು ಕೊಳ್ಳಲು ಅಚ್ಚು ಹಾಕಿಸಿದ ಮಾತು:
ಇದನ್ನು ತಂದವರಿಗೆ ಸ್ಪೇನಿನ ಆರು ಬೆಳ್ಳಿ ಡಾಲರು,
ಇಲ್ಲವೇ ಅಷ್ಟೇ ಬೆಲೆಯ ಚಿನ್ನ.
ಕೆಳಗೆ ಎರಡು ರುಜು, ಒಂದು ಕೆಂಪು ಶಾಯಿಯದು.
ಕೊಟ್ಟರೇ?
ಐದೇ ವರ್ಷಕ್ಕೆ ಕ್ಷೌರದಂಗಡಿಯ ಗೋಡೆಗೆ ಅಂಟಿಸಿದರಂತೆ,
ಒಂದು ನಾಯಿಗೆ ಮೈತುಂಬ ಮೆತ್ತಿ
ಬೀದಿಯಲ್ಲಿ ಓಡಿಸಿದರಂತೆ.

ಈ ಥರದ ಮಾತಿನ ಗುರುತು ನನಗಿದೆ.
ಗೇಟಿಗೆ ಬೀಗ ಬಿದ್ದ ವರ್ಷ ನಮಗೂ ಒಂದೊಂದು ಕೊಟ್ಟರು.
ಅದಕ್ಕೂ ಎರಡು ರುಜು.
ಎಪ್ಪತ್ತು ಜಿಎಸ್ಎಂ, ನಮ್ಮದೇ ಮಷೀನಿನದು;
ಓದುವ ಮೊದಲೇ ಬೆರಳು ಹೇಳಿತ್ತು.

ಟೆಸ್ಟಿಂಗ್ ಲ್ಯಾಬಿನಲ್ಲಿ ಇಪ್ಪತ್ತೇಳು ವರ್ಷ
ನಾನು ಮಾಡಿದ್ದಿಷ್ಟೇ: ಕಾಗದ ಹರಿಯುವುದು,
ಎಷ್ಟು ಬಲಕ್ಕೆ ಹರಿಯಿತೆಂದು ಬರೆಯುವುದು.
ಹರಿಯದ ಕಾಗದ ಒಂದನ್ನೂ ಕಂಡಿಲ್ಲ.

ಹಾಗಾಗಿ ಮೊದಲು ಬೆಳಕಿಗೆ ಹಿಡಿದೆ.
ಚಿಂದಿ ಬಟ್ಟೆಯ ಪಲ್ಪು, ಮರದ ನಾರು ಒಂದೆಳೆಯೂ ಇಲ್ಲ.
ಅಲ್ಲಲ್ಲಿ ಕಾಗೆಬಂಗಾರದ ಚೂರು,
ಮೂಲೆಯಲ್ಲೊಂದು ನೀಲಿ ಎಳೆ.
ಖೋಟಾ ಅಚ್ಚಿನವರನ್ನು ಕಾಡಲೆಂದೇ ಬೆರೆಸಿದ್ದು.
ಬೆನ್ನ ಮೇಲೆ ನಿಜವಾದ ಎಲೆಯ ಅಚ್ಚು, ನರನರವೂ ಬಿಡಿಸಿಟ್ಟ ಹಾಗೆ.
ಇದನ್ನು ಕದಿಯಲು
ಅದೇ ಗಿಡ ಬೇಕು, ಅದೇ ಎಲೆ ಬೇಕು,
ಅದನ್ನು ಕಿತ್ತ ಬೆಳಗೂ ಬೇಕು.

ಮುಂದುಗಡೆ ಒಂದು ಪ್ರಾಣಿ ಮರ ಕಡಿಯುತ್ತಿದೆ.
ನೀರುನಾಯಿ, ಅಂದಳು ಹೆಂಡತಿ. ಹೊಳೆಯಲ್ಲಿ ನೋಡಿಲ್ವಾ?
ನೀರುನಾಯಿಗೆ ಮೀನು ಸಾಕು, ಮರ ಯಾಕೆ?
ಇದು ಬೀವರ್. ಹಲ್ಲಿನಿಂದಲೇ ಕೊರೆದು ಕೆಡಹುವ ಜಾತಿ.
ಸುತ್ತ ಲ್ಯಾಟಿನಿನ ಒಂದೇ ಪದ: ಪಟ್ಟುಬಿಡದೆ.
ಹಾಗಾದರೆ ನಿಮ್ಮ ಮಿಲ್ಲೇ ಬಿಡಿ, ಎಂದಳು.
ಹೌದು. ಲಾರಿ ಲಾರಿ ಬಿದಿರು, ಲಾರಿ ಲಾರಿ ನೀಲಗಿರಿ.
ಮರ ಮುಗಿಯುವ ಮೊದಲು ಹಲ್ಲು ಉದುರಿದವು.

ನೋಟು ನಡುವೆ ಹರಿದಿತ್ತು. ಯಾರೋ ಹೊಲಿದಿದ್ದರು.
ಮಾರಿದವನು ದೋಷದ ಕಾಲಮ್ಮಿನಲ್ಲಿ ಬರೆದಿದ್ದ: ಹೊಲಿಗೆ.
ಅದರಿಂದಲೇ ನನ್ನ ಕೈಗೆಟುಕಿದ್ದು.

ಕನ್ನಡಕ ಸಾಲದೆ ಆರೋಕ್ಯಮೇರಿಯ ಬಳಿ ಒಯ್ದೆ.
ಹಳೇನಗರದಲ್ಲಿ ಬ್ಲೌಸು ಹೊಲಿಯುತ್ತಾಳೆ,
ಅಪ್ಪ ಕಬ್ಬಿಣದ ಕಾರ್ಖಾನೆಗೆಂದು ಸೇಲಂ ಬಿಟ್ಟು ಬಂದವನು.
ಪ್ರಾಣಿ, ಇಸವಿ, ರುಜು, ಯಾವುದನ್ನೂ ನೋಡಲಿಲ್ಲ.
ತಿರುವಿ ಹಾಕಿ ಹೊಲಿಗೆಗೆ ಕಣ್ಣಿಟ್ಟಳು.
ಎಡಗೈಯವಳು, ಅಂದಳು.
ಇಲ್ಲಿ ನೂಲು ಮುಗಿದು ಬೇರೆ ತಗೊಂಡಿದ್ದಾಳೆ.
ಇಲ್ಲಿಂದಾಚೆ ದೀಪ ಸಾಲಲಿಲ್ಲ, ನೋಡಿ, ಸೊಟ್ಟ.
ಕೊನೆಗೆ ಎರಡು ಗಂಟು.
ಯಾಕಣ್ಣ, ಇದರ ಮೇಲೆ ಅಷ್ಟು ಆಸೆ ಇತ್ತಾ?
ಅಷ್ಟು ಹೊತ್ತಿಗೆ ಇದಕ್ಕೆ ಬೆಲೆಯೇ ಇರಲಿಲ್ಲವೇನೋ, ಅಂದೆ.
ಅವಳಿಗೆ ಯಾರು ಹೋಗಿ ಹೇಳ್ತಾರೆ, ಅಂದಳು,
ಮಷೀನಿಗೆ ಎಣ್ಣೆ ಬಿಡುತ್ತ.

ಸಂಜೆ, ಗುಜರಿಯವನಿಂದ ಬಿಡಿಸಿಕೊಂಡಿದ್ದ
ಲ್ಯಾಬಿನ ತಕ್ಕಡಿ ಒರೆಸಿದೆ, ಫ್ಯಾನು ಆರಿಸಿದೆ.
ಹಳೇ ರಿಜಿಸ್ಟರಿನ ಒಂದು ಖಾಲಿ ಸಾಲು.
ಹರಿಯುವ ಬಲ: ಬರೆಯಲಿಲ್ಲ.
ತೂಕ: ಒಂದು ಗ್ರಾಂ, ಹದಿನಾರು ಸೆಂಟಿಗ್ರಾಂ,
ನೂಲೂ ಸೇರಿ.